ಬೋರ್ಡು ನೋಡಿ ನಂಬುವ ಮುನ್ನ

ಮನಸ್ಸಿನ ತೊಂದರೆಗೆ ಕೂರಿಸಿ ಮಾತಾಡಿಸುವವರು ನಿಜಕ್ಕೂ ಓದಿದವರಾ ಎಂದು ನೋಡುವವರು ಯಾರು? ಈ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನಲ್ಲೇ ಇದೆ.

1954ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಇಂದಿನ ನಿಮ್ಹಾನ್ಸ್‌ನ ಮೂಲ ಅದೇ. ಮರುವರ್ಷವೇ ಕ್ಲಿನಿಕಲ್ ಸೈಕಾಲಜಿ ತರಬೇತಿಯೂ ಬಂತು. ಆದರೆ ಕಲಿತವರು ಯಾರು, ಕಲಿಯದವರು ಯಾರು ಎಂದು ಹೇಳುವ ಕಾನೂನಿನ ಪಟ್ಟಿ ಇರಲಿಲ್ಲ. ಹೀಗೇ ಸುಮಾರು ನಾಲ್ಕು ದಶಕ ಕಳೆಯಿತು.

1992ರಲ್ಲಿ ಸಂಸತ್ತು ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಮಾಡಿತು. ಮರುವರ್ಷ ಜಾರಿಗೆ ಬಂತು. ಕೋರ್ಸಿಗೆ ಮಾನ್ಯತೆ ಕೊಡುವುದು, ಪಾಸಾದ ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸಿ ನಂಬರ್ ಕೊಡುವುದು ಈ ಪರಿಷತ್ತಿನ ಕೆಲಸ. ದುರ್ನಡತೆ ಸಾಬೀತಾದರೆ ಹೆಸರು ತೆಗೆದುಹಾಕಬಹುದು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಆದರೆ ಬೋರ್ಡಿನ ಮೇಲೆ ಬರೀ ‘ಕೌನ್ಸೆಲರ್’ ಎಂದು ಬರೆದುಕೊಂಡವರಲ್ಲಿ ಹೆಚ್ಚಿನವರು ಈ ಪಟ್ಟಿಯ ಹೊರಗೇ ಉಳಿದರು. ಬೇರೆ ಸೈಕಾಲಜಿಸ್ಟರನ್ನೂ ನೋಂದಣಿಗೆ ತರಲು 2021ರಲ್ಲಿ ಇನ್ನೊಂದು ಕಾಯ್ದೆ ಬಂತು.

ಹಾಗಾಗಿ ನಾವು ಹೇಳುವುದು ಇಷ್ಟೇ: ಮಗುವನ್ನೋ ಮನೆಯವರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿ ಕರೆದೊಯ್ದಾಗ ಪರಿಷತ್ತಿನ ನಂಬರ್ ಕೇಳಿ. ಕೇಳಿದರೆ ಅವರಿಗೆ ಅವಮಾನವಲ್ಲ, ಅದು ನಮ್ಮ ಹಕ್ಕು.