ಪಾರದರ್ಶಕ ಪೆಟ್ಟಿಗೆ: ಪಿಡುಗಿನ ಕಾಲದ ಒಂದು ವಸ್ತುವಿನ ಪ್ರಸರಣ ಮತ್ತು ಪರೀಕ್ಷೆ

ಜಾನಪದವೆಂದರೆ ಹಾಡು, ಕತೆ, ಒಗಟುಗಳಷ್ಟೇ ಅಲ್ಲ. ಕೈಯಿಂದ ಕೈಗೆ ದಾಟುತ್ತ ರೂಪ ಬದಲಿಸುವ ವಸ್ತುಗಳೂ ಅದರ ಅಧ್ಯಯನದ ವ್ಯಾಪ್ತಿಗೆ ಸೇರುತ್ತವೆ. 2020ರಲ್ಲಿ, ಕೋವಿಡ್ ಪಿಡುಗಿನ ಆರಂಭದ ತಿಂಗಳುಗಳಲ್ಲಿ, ಅರಿವಳಿಕೆ ತಜ್ಞರ ನಡುವೆ ಹರಡಿದ ಅಕ್ರಿಲಿಕ್ ಪೆಟ್ಟಿಗೆಯೊಂದನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದಾಗಿದೆ.

ಉಸಿರಾಟ ಸೋತ ರೋಗಿಯ ಶ್ವಾಸನಾಳಕ್ಕೆ ಬಾಯಿಯ ಮೂಲಕ ಕೊಳವೆ ಇಳಿಸುವಾಗ ವೈದ್ಯರ ಮುಖ ರೋಗಿಯ ಬಾಯಿಗೆ ತೀರ ಸಮೀಪದಲ್ಲಿರುತ್ತದೆ. ಸಾರ್ಸ್ ಪಿಡುಗಿನ ಅಧ್ಯಯನಗಳನ್ನು ಕ್ರೋಡೀಕರಿಸಿ 2012ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು ಈ ಕೆಲಸದಲ್ಲಿ ತೊಡಗಿದವರ ಸೋಂಕಿನ ಸಾಧ್ಯತಾ ಅನುಪಾತವನ್ನು 6.6 ಎಂದು ಲೆಕ್ಕಹಾಕಿತ್ತು. ಆ ಭಯ 2020ರಲ್ಲಿ ಮರಳಿತು. ರಕ್ಷಣಾ ಉಡುಪುಗಳ ಕೊರತೆಯೂ ಅದರೊಡನೆ ಕೂಡಿಕೊಂಡಿತು.

ತೈವಾನಿನ ಹುವಾಲಿಯನ್‌ನ ಅರಿವಳಿಕೆ ತಜ್ಞ ಲಾಯ್ ಶಿಯೆನ್-ಯುಂಗ್ ರೋಗಿಯ ತಲೆಯ ಮೇಲೆ ಇಡಬಹುದಾದ, ಕೈ ತೂರಿಸಲು ಎರಡು ರಂಧ್ರಗಳುಳ್ಳ ಪೆಟ್ಟಿಗೆಯನ್ನು ರೂಪಿಸಿ, ಅದರ ವಿನ್ಯಾಸವನ್ನು ಮುಕ್ತವಾಗಿ ಬಿಟ್ಟುಕೊಟ್ಟರು. ಕೆಲವೇ ವಾರಗಳಲ್ಲಿ ಅದು ಭಾರತವೂ ಸೇರಿದಂತೆ ಹಲವು ದೇಶಗಳನ್ನು ತಲುಪಿತು. ಒಂದೇ ಕತೆಗೆ ಹಲವು ಪಾಠಾಂತರಗಳು ಹುಟ್ಟುವ ಹಾಗೆ, ಒಬ್ಬರು ಮೇಲ್ಭಾಗವನ್ನು ಇಳಿಜಾರಾಗಿಸಿದರು. ಇನ್ನೊಬ್ಬರು ಸಹಾಯಕರ ಕೈಗೆಂದು ಬದಿಯಲ್ಲಿ ರಂಧ್ರ ಕೊರೆದರು. ಮೂಲ ಕರ್ತೃವಿನ ಹೆಸರು ಅನೇಕ ಕಡೆ ಮರೆಯಾಯಿತು. ಜಾನಪದ ವಿದ್ವಾಂಸರಿಗೆ ಇದು ಹೊಸತೇನಲ್ಲ.

ಆದರೆ ಕತೆಯ ಪಾಠಾಂತರದಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಬಾಯಿ ಪೂರ್ಣ ತೆರೆಯದ, ಕುತ್ತಿಗೆ ಬಾಗದ ರೋಗಿಗೆ ಕೊಳವೆ ಇಳಿಸುವಾಗ ತಲೆಯ ಭಂಗಿ ಬದಲಿಸಬೇಕು, ಬೇರೆ ಸಲಕರಣೆ ಕೈಗೆ ಸಿಗಬೇಕು. ಅಷ್ಟರಲ್ಲಿ ರಕ್ತದ ಆಮ್ಲಜನಕ ಇಳಿಯುತ್ತಿರುತ್ತದೆ. ಪೆಟ್ಟಿಗೆ ಕಟ್ಟಿಹಾಕುತ್ತಿದ್ದುದು ಇದೇ ಕೈಗಳನ್ನು. ಆಸ್ಟ್ರೇಲಿಯಾದಲ್ಲಿ 12 ಮಂದಿ ತಜ್ಞರು ಬೊಂಬೆಯ ಮೇಲೆ 36 ಬಾರಿ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿಯೇ ಪ್ರಕಟವಾಯಿತು. ಪೆಟ್ಟಿಗೆ ಬಳಸಿದ 24 ಪ್ರಯತ್ನಗಳ ಪೈಕಿ 14 ಒಂದು ನಿಮಿಷವನ್ನು ಮೀರಿದ್ದವು. ಪೆಟ್ಟಿಗೆಯಿಂದಾಗಿ ರಕ್ಷಣಾ ಉಡುಪಿಗೇ ಹಾನಿಯಾದ ಪ್ರಸಂಗಗಳೂ ಇದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಗಾಳಿಯನ್ನು ಹೊರಗೆಳೆಯುವ ವ್ಯವಸ್ಥೆಯಿಲ್ಲದ ಇಂಥ ಪೆಟ್ಟಿಗೆಗಳಿಗೆ ಮೇ ತಿಂಗಳಲ್ಲಿ ನೀಡಿದ್ದ ತುರ್ತು ಅನುಮತಿಯನ್ನು ಹಿಂತೆಗೆದುಕೊಂಡಿತು.

ಇದನ್ನು ಕೇವಲ ಅವಿವೇಕವೆಂದು ತಳ್ಳಿಹಾಕುವುದು ಸರಿಯಲ್ಲ. ಉಡುಪಿಲ್ಲದವರಿಗೆ ಆ ಪೆಟ್ಟಿಗೆ ಧೈರ್ಯ ನೀಡಿತ್ತೆಂಬುದೂ ಚರಿತ್ರೆಯೇ. ಈಗ ಮೂಲೆ ಸೇರಿರುವ ಈ ಪೆಟ್ಟಿಗೆಗಳನ್ನು ನಮ್ಮ ವಸ್ತುಸಂಗ್ರಹಾಲಯಗಳು ಕೂಡಿಡುವುದಾದರೆ, ಪ್ರತಿಯೊಂದರ ಅಳತೆ, ಮಾಡಿದ ಊರು, ಬಳಕೆ ನಿಂತ ತಿಂಗಳು ಮತ್ತು ಬಳಸಿದವರ ಮಾತುಗಳನ್ನೂ ದಾಖಲಿಸಬೇಕಾಗಿದೆ.