ಸಿಗರೇಟ್ ತುಂಡಿನ ಕಸ: ಹಕ್ಕಿ, ನೀರು, ಮಣ್ಣು

ಸಿಗರೇಟ್ ಸೇದಿ ಮುಗಿಸಿದ ಮೇಲೆ ಬೆರಳಲ್ಲಿ ಉಳಿಯುವ ಫಿಲ್ಟರ್, ಅದಕ್ಕೆ ಸುತ್ತಿದ ಕಾಗದ ಮತ್ತು ತುದಿಯಲ್ಲಿ ಸುಡದೆ ಉಳಿದ ಒಂದಿಷ್ಟು ಹೊಗೆಸೊಪ್ಪು ಸೇರಿದ್ದೇ ಸಿಗರೇಟ್ ತುಂಡು ಅಥವಾ ಮೋಟು. ಬಿಡಿಬಿಡಿಯಾಗಿ ಎಣಿಸಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಬಿಸಾಡಲಾಗುವ ವಸ್ತುಗಳಲ್ಲಿ ಇದೂ ಒಂದು. ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡುಗಳು ರಸ್ತೆ, ಚರಂಡಿ, ಕಡಲತೀರ ಸೇರುತ್ತವೆಂಬ ಅಂದಾಜು ಎಲ್ಲೆಡೆ ಉಲ್ಲೇಖವಾಗುತ್ತದೆ. ಅಮೆರಿಕದ ಓಷನ್ ಕನ್ಸರ್ವೆನ್ಸಿ ಸಂಸ್ಥೆ ನಡೆಸುವ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ಕಾರ್ಯದ ಲೆಕ್ಕದಲ್ಲಿ ದಶಕಗಳ ಕಾಲ ಮೊದಲ ಸ್ಥಾನ ಇದರದ್ದೇ ಆಗಿತ್ತು; 2019ರ ಎಣಿಕೆಯಲ್ಲಿ ತಿಂಡಿ ಪೊಟ್ಟಣಗಳು ಅದನ್ನು ಹಿಂದಿಕ್ಕಿದವು.

ಫಿಲ್ಟರನ್ನು ಉಗುರಿನಿಂದ ಸೀಳಿದರೆ ಹೊರಬರುವ ಬಿಳಿ ಎಳೆಗಳನ್ನು ಹತ್ತಿಯೆಂದು ನಂಬಿದವರೇ ಹೆಚ್ಚು. ಅದು ಪ್ಲಾಸ್ಟಿಕ್. ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿ ಸೆಲ್ಯುಲೋಸ್ ಅಸಿಟೇಟ್ ಮಾಡುತ್ತಾರೆ. ಹೊಲಿಗೆ ದಾರಕ್ಕಿಂತಲೂ ಸಣ್ಣದಾದ ಅದರ 12,000ಕ್ಕೂ ಹೆಚ್ಚು ಎಳೆಗಳು ಒಂದೊಂದು ಫಿಲ್ಟರಿನಲ್ಲೂ ಇರುತ್ತವೆ. ಬೆಳ್ಳಗೆ ಕಾಣಲೆಂದು ಟೈಟೇನಿಯಂ ಡೈಆಕ್ಸೈಡ್, ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಲೆಂದು ಟ್ರೈಅಸಿಟಿನ್ ಸೇರಿಸುತ್ತಾರೆ. ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಈ ಎಳೆ ಸುಲಭಕ್ಕೆ ದಕ್ಕುವುದಿಲ್ಲ. ಸೆಲ್ಯುಲೋಸಿಗೆ ಅಂಟಿರುವ ಅಸಿಟೈಲ್ ಗುಂಪುಗಳು ಕಳಚುವವರೆಗೆ ಅವುಗಳ ಕಿಣ್ವಕ್ಕೆ ಒಳಗೆ ದಾರಿಯೇ ಇಲ್ಲ. ಇಟಲಿಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷ ಕಳೆದರೂ ತುಂಡುಗಳು ಕಳೆದುಕೊಂಡದ್ದು ತೂಕದ ಶೇ 38ರಷ್ಟನ್ನು ಮಾತ್ರ. ಬಿಸಿಲಿಗೆ ಬಿದ್ದ ಫಿಲ್ಟರ್ ಸಣ್ಣ ಎಳೆಗಳಾಗಿ ಚದುರುತ್ತದೆ. ಕಣ್ಣಿಗೆ ಕಾಣದಾಯಿತೆಂದ ಮಾತ್ರಕ್ಕೆ ಇಲ್ಲವಾಯಿತೆಂದು ಹೇಳುವಂತಿಲ್ಲ.

ಇಷ್ಟು ಪ್ಲಾಸ್ಟಿಕ್ ಸಿಗರೇಟಿನ ತುದಿಗೆ ಬಂದದ್ದೇಕೆ ಎಂಬುದನ್ನು ತಿಳಿಯದೆ ಈ ಕಸದ ಕಥೆ ಪೂರ್ತಿಯಾಗದು. 1950ರ ದಶಕದ ಆರಂಭದಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆಯೆಂದು ಸಂಶೋಧನೆಗಳು ತೋರಿಸಿದಾಗ, ಗಾಬರಿಯಾದ ಗಿರಾಕಿಗಳಿಗೆ ಧೈರ್ಯ ಹೇಳಲು ಕಂಪನಿಗಳು ಫಿಲ್ಟರನ್ನು ಮುಂದಿಟ್ಟವು. ಆಗ ಬಂದ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ ಕಲ್ನಾರನ್ನೇ ಬಳಸಿದ್ದರು! 1953ರಲ್ಲಿ ಆರ್. ಜೆ. ರೆನಾಲ್ಡ್ಸ್ ಕಂಪನಿಯ ರಸಾಯನವಿಜ್ಞಾನಿ ಕ್ಲಾಡ್ ಟೀಗ್, ಹೊಗೆ ತಾಗಿದಾಗ ಬಣ್ಣ ಬದಲಿಸುವ ಫಿಲ್ಟರಿದ್ದರೆ ಜನ ಅದನ್ನು ಪರಿಣಾಮಕಾರಿಯೆಂದು ನಂಬುತ್ತಾರೆಂದು ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ ಬರೆದ. ಸೇದಿದವರ ಕ್ಯಾನ್ಸರ್ ಅಪಾಯವನ್ನು ಫಿಲ್ಟರ್ ತಗ್ಗಿಸಲಿಲ್ಲ. ಶ್ವಾಸಕೋಶದ ಆಳದಲ್ಲಿ ಹುಟ್ಟುವ ಅಡಿನೊಕಾರ್ಸಿನೋಮ ಎಂಬ ಕ್ಯಾನ್ಸರ್ ಹೆಚ್ಚಿದ್ದಕ್ಕೆ 1950ರ ನಂತರ ಸಿಗರೇಟಿನ ವಿನ್ಯಾಸದಲ್ಲಾದ ಬದಲಾವಣೆಗಳೇ ಕಾರಣವೆಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿತು. ಹೀಗಾಗಿ ಫಿಲ್ಟರನ್ನು ಆರೋಗ್ಯದ ಸಾಧನ ಎನ್ನುವುದಕ್ಕಿಂತ ಮಾರಾಟದ ಸಾಧನ ಎನ್ನುವುದೇ ಸರಿ.

ಸೇದಿ ಎಸೆದ ಫಿಲ್ಟರಿನಲ್ಲಿ ನಿಕೋಟಿನ್, ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಟಾರಿನ ಹೈಡ್ರೊಕಾರ್ಬನ್‌ಗಳು ಇರುತ್ತವೆ. ಮೊದಲ ಮಳೆಗೇ ಇವು ಹೊರಬೀಳತೊಡಗುತ್ತವೆ. ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸಿಹಿನೀರಿನ ಮೀನನ್ನೂ ಒಂದು ಕಡಲ ಮೀನನ್ನೂ ಪರೀಕ್ಷಿಸಿದರು. ಲೀಟರ್ ನೀರಿಗೆ ಸುಮಾರು ಒಂದು ತುಂಡು ನೆನೆಹಾಕಿದ್ದೇ ನಾಲ್ಕು ದಿನಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಲ್ಲಲು ಸಾಕಾಯಿತು. ಹರಿಯುವ ಹೊಳೆಯಲ್ಲಿ ವಿಷ ತೆಳುವಾಗುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ನೀರಿಳಿದ ಹೊಂಡಕ್ಕೋ ಕಟ್ಟಿಕೊಂಡ ಮೋರಿಗೋ ಆ ಸಮಾಧಾನ ಹೇಳಲಾಗದು. ಮಣ್ಣಿನ ಮಾತೂ ಹೀಗೆಯೇ. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದವರು 2019ರಲ್ಲಿ ತುಂಡುಗಳಿದ್ದ ಮಣ್ಣಿನಲ್ಲಿ ಕ್ಲೋವರ್ ಮೇವಿನ ಬೀಜ ಹಾಕಿದಾಗ ಮೊಳಕೆ ಶೇ 27ರಷ್ಟು ಕುಗ್ಗಿತು. ಸೇದದ ಸಿಗರೇಟಿನ ಫಿಲ್ಟರೂ ಹೆಚ್ಚುಕಡಿಮೆ ಅಷ್ಟೇ ಕೆಡುಕು ಮಾಡಿದ್ದರಿಂದ, ತೊಂದರೆ ಹೊಗೆಯ ಶೇಷದ್ದು ಮಾತ್ರವಲ್ಲ, ಎಳೆಗಳದ್ದೂ ಹೌದು ಎಂದಾಯಿತು.

ಹಕ್ಕಿಗಳಿಗೆ ತುಂಡು ಎರಡು ದಾರಿಯಲ್ಲಿ ತಲುಪುತ್ತದೆ. ಒಂದು, ಆಹಾರವೆಂಬ ಭ್ರಮೆಯಿಂದ. 2019ರಲ್ಲಿ ಫ್ಲಾರಿಡಾದ ಸೇಂಟ್ ಪೀಟ್ ಬೀಚಿನಲ್ಲಿ ಬ್ಲ್ಯಾಕ್ ಸ್ಕಿಮ್ಮರ್ ಹಕ್ಕಿಯೊಂದು ಮರಿಗೆ ಸಿಗರೇಟ್ ತುಂಡನ್ನು ಕೊಡುತ್ತಿರುವ ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಕೆಳಕೊಕ್ಕು ಮೇಲ್ಕೊಕ್ಕಿಗಿಂತ ಉದ್ದವಿರುವ ಈ ಹಕ್ಕಿ, ಹಾರುತ್ತಲೇ ಕೆಳಕೊಕ್ಕನ್ನು ನೀರಿನಲ್ಲಿ ಸೀಳಿಸುತ್ತ ಸಾಗಿ ತಾಗಿದ ಮೀನನ್ನು ಹಿಡಿಯುತ್ತದೆ. ಬೇಟೆ ನಡೆಯುವುದು ಸ್ಪರ್ಶದಿಂದ. ಗೂಡು ಮಾತ್ರ ಜನ ಓಡಾಡುವ ಅದೇ ತೆರೆದ ಮರಳಿನ ಮೇಲೆ.

ಎರಡನೆಯ ದಾರಿ ಗೂಡಿನದು. ಇದರ ಅಧ್ಯಯನ ನಡೆದದ್ದು ಮೆಕ್ಸಿಕೊ ನಗರದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದಲ್ಲಿ. ಮಾನ್ಸೆರ್ರಾತ್ ಸ್ವಾರೆಸ್ ರೊದ್ರೀಗೆಸ್ ಮತ್ತು ಕಾನ್ಸ್ಟಂಟೀನೊ ಮಾಸಿಯಾಸ್ ಗಾರ್ಸಿಯಾ ಹಾಗೂ ಸಹೋದ್ಯೋಗಿಗಳು ಎರಡು ಜಾತಿಯ ಹಕ್ಕಿಗಳ ಗೂಡುಗಳನ್ನು ಬಿಡಿಸಿ ನೋಡಿದರು. ಒಂದು ಅಲ್ಲಿನ ಹೌಸ್ ಫಿಂಚ್. ಇನ್ನೊಂದು ನಮ್ಮ ಮನೆ ಸೂರಿನ ಗುಬ್ಬಚ್ಚಿಯದೇ ಜಾತಿ. ಹುಲ್ಲು, ಗರಿಗಳ ನಡುವೆ ಫಿಲ್ಟರಿನ ಎಳೆಗಳಿದ್ದವು. ಕೆಲವು ಗೂಡುಗಳಲ್ಲಿ ಹತ್ತಾರು ತುಂಡುಗಳ ಎಳೆ. 2013ರ ಪ್ರಬಂಧದ ಪ್ರಕಾರ, ಎಳೆ ಹೆಚ್ಚಿದ್ದ ಗೂಡಿನಲ್ಲಿ ರಕ್ತ ಹೀರುವ ನುಸಿಗಳು ಕಡಿಮೆ. ಇದು ಕಾಕತಾಳೀಯವೇ ಎಂದು ತಿಳಿಯಲು ಗೂಡುಗಳಲ್ಲಿ ಬಿಸಿಯಾಗುವ ಬೋನುಗಳನ್ನಿಟ್ಟು ಕೆಲವಕ್ಕೆ ಸೇದಿದ ಫಿಲ್ಟರನ್ನೂ ಕೆಲವಕ್ಕೆ ಸೇದದ ಫಿಲ್ಟರನ್ನೂ ಹಚ್ಚಿದರು. ಮೈಬಿಸಿಯನ್ನು ಅರಸಿ ಬರುವ ನುಸಿಗಳು ಸೇದಿದ ಫಿಲ್ಟರಿನ ಕಡೆ ಸುಳಿದದ್ದು ಕಡಿಮೆ. ಹೊಗೆಸೊಪ್ಪಿನ ಗಿಡ ನಿಕೋಟಿನ್ ತಯಾರಿಸುವುದೇ ಹುಳುಗಳಿಂದ ತನ್ನನ್ನು ಕಾಪಾಡಿಕೊಳ್ಳಲು. ಗಿಡಹೇನಿಗೆ ಹೊಗೆಸೊಪ್ಪಿನ ಕಷಾಯ ಸಿಂಪಡಿಸುವ ನಮ್ಮ ರೈತರಿಗೆ ಇದರಲ್ಲಿ ಹೊಸದೇನೂ ಕಾಣದು.

ಹಕ್ಕಿಗಳು ತಿಳಿದೇ ತರುತ್ತವೆಯೋ, ಮೆತ್ತಗಿರುವ ವಸ್ತು ಸಿಕ್ಕಿತೆಂದು ತರುತ್ತವೆಯೋ? 2017ರಲ್ಲಿ ಇದೇ ತಂಡ ಹೌಸ್ ಫಿಂಚ್ ಗೂಡುಗಳ ಒಳಹಾಸನ್ನು ತೆಗೆದು ಕೃತಕ ಹಾಸು ಹಾಕಿ, ಕೆಲವು ಗೂಡಿಗೆ ಜೀವಂತ ಉಣ್ಣಿ, ಕೆಲವಕ್ಕೆ ಸತ್ತ ಉಣ್ಣಿ ಬಿಟ್ಟಿತು, ಉಳಿದವನ್ನು ಹಾಗೆಯೇ ಇಟ್ಟಿತು. ಜೀವಂತ ಉಣ್ಣಿ ಇದ್ದ ಗೂಡಿಗೆ ಹಕ್ಕಿಗಳು ಹೆಚ್ಚು ಎಳೆ ತಂದವು. ಗೂಡಿಗೆ ಮದ್ದಿಡುವ ಚಾಳಿ ಹಕ್ಕಿಗಳಲ್ಲಿ ಹಳೆಯದು. ಭಾರತದ ಗುಬ್ಬಚ್ಚಿಗಳು ಗೂಡಿನಲ್ಲಿ ಬೇವಿನೆಲೆ ಸೇರಿಸುವುದರ ಬಗ್ಗೆ 1981ರಲ್ಲೇ ‘ಇಮು’ ಎಂಬ ಪಕ್ಷಿವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂದಿತ್ತು.

ಇಲ್ಲಿಗೇ ನಿಲ್ಲಿಸಿ ಗುಬ್ಬಚ್ಚಿಯ ಜಾಣತನವನ್ನು ಹೊಗಳುವ ಬರಹಗಳು ಸಾಕಷ್ಟಿವೆ. ಅದೇ ತಂಡದ 2014ರ ಪ್ರಬಂಧವನ್ನು ಅವು ಬಿಟ್ಟುಬಿಡುತ್ತವೆ. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿರುವುದಿಲ್ಲ, ಹಕ್ಕಿಗಳದರಲ್ಲಿ ಇರುತ್ತದೆ. ಆದ್ದರಿಂದ ಒಂದು ಹನಿ ರಕ್ತ ಸಾಕು, ವಂಶವಾಹಿಗೆ ಏಟು ಬಿದ್ದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಗೂಡಿನಲ್ಲಿ ಫಿಲ್ಟರಿನ ಎಳೆ ಹೆಚ್ಚಿದಷ್ಟೂ ಮರಿಗಳ ರಕ್ತದಲ್ಲಿ ಕೋಶಕೇಂದ್ರ ವಿಕಾರಗೊಂಡ ಕಣಗಳು ಹೆಚ್ಚಿದ್ದವು. ಗೂಡು ಕಟ್ಟುವಾಗ ತುಂಡುಗಳನ್ನು ಕೊಕ್ಕಿನಲ್ಲಿ ಹೊರುವ ದೊಡ್ಡ ಹಕ್ಕಿಗಳಲ್ಲೂ ಇಂಥ ಹಾನಿ ಕಂಡಿತು. ಬೇವಿನೆಲೆ ಒಣಗಿ ಉದುರುತ್ತದೆ. ಆರ್ಸೆನಿಕ್ ಹೊತ್ತ ಪ್ಲಾಸ್ಟಿಕ್ ಎಳೆ ಮರಿಯ ಬರಿಮೈಗೆ ಒತ್ತಿಕೊಂಡೇ ಇರುತ್ತದೆ.

ಹಕ್ಕಿಗಳಿಂದಲೇ ಕಸ ತೆಗೆಸುವ ಪ್ರಯೋಗಗಳೂ ನಡೆದಿವೆ. 2018ರಲ್ಲಿ ಫ್ರಾನ್ಸಿನ ಪ್ಯುಯಿ ದು ಫೂ ಉದ್ಯಾನದಲ್ಲಿ ಕಾಗೆ ಕುಲದ ಆರು ರೂಕ್ ಹಕ್ಕಿಗಳಿಗೆ ಸಿಗರೇಟ್ ತುಂಡು ಹೆಕ್ಕಿ ಪೆಟ್ಟಿಗೆಗೆ ಹಾಕಿ ತಿಂಡಿ ಪಡೆಯುವುದನ್ನು ಕಲಿಸಿದರು. ಸ್ವೀಡನ್ನಿನಲ್ಲಿ 2022ರಲ್ಲಿ ಇಂಥದೇ ಯೋಜನೆ ಸುದ್ದಿಯಾಯಿತು. ಮೆಕ್ಸಿಕೊದ ಫಲಿತಾಂಶ ಕಣ್ಣೆದುರಿರುವಾಗ ಕಾಗೆಯ ಬಾಯಿಗೆ ತುಂಡು ಕೊಡುವುದು ತಮಾಷೆಯಾಗಿ ಕಾಣುವುದಿಲ್ಲ.

ಕಾನೂನು ನಿಧಾನವಾಗಿ ತಯಾರಕರ ಕಡೆ ತಿರುಗುತ್ತಿದೆ. ಐರೋಪ್ಯ ಒಕ್ಕೂಟದ 2019ರ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನದಂತೆ 2021ರ ಜುಲೈಯಿಂದ ಫಿಲ್ಟರ್ ಸಿಗರೇಟಿನ ಪ್ಯಾಕಿನ ಮೇಲೆ ಪ್ಲಾಸ್ಟಿಕ್ ಇದೆಯೆಂಬ ಗುರುತು ಕಡ್ಡಾಯವಾಯಿತು. ತುಂಡು ಗುಡಿಸುವ ಖರ್ಚನ್ನು ಕಂಪನಿಗಳೇ ಭರಿಸಬೇಕೆಂಬ ನಿಯಮವೂ ಬಂತು. ಭಾರತದಲ್ಲಿ 2022ರ ಜುಲೈ 1ರಿಂದ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸಿಗರೇಟ್ ಪ್ಯಾಕಿನ ಹೊರಗೆ ಸುತ್ತುವ ತೆಳು ಹಾಳೆ ಸೇರಿತು, ಒಳಗಿನ ಫಿಲ್ಟರ್ ಸೇರಲಿಲ್ಲ. ಅದಕ್ಕೂ ಮೊದಲು, 2020ರಲ್ಲಿ, ಬೀಡಿ ಮತ್ತು ಸಿಗರೇಟ್ ತುಂಡುಗಳ ವಿಲೇವಾರಿಗೆ ಮಾರ್ಗಸೂಚಿ ರೂಪಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೂಚಿಸಿತ್ತು. ನಮ್ಮಲ್ಲಿ ಗೂಡಂಗಡಿಯ ಬಿಡಿ ಮಾರಾಟವೂ ಲೆಕ್ಕಕ್ಕೆ ಬರಬೇಕು. ಒಂದೇ ಸಿಗರೇಟ್ ಕೊಂಡು ಅಲ್ಲೇ ನಿಂತು ಸೇದುವವನ ಬಳಿ ಮೋಟು ಹಾಕಿಟ್ಟುಕೊಳ್ಳಲು ಖಾಲಿ ಪ್ಯಾಕೂ ಇರುವುದಿಲ್ಲ, ಕಾಲಬುಡದ ಚರಂಡಿಯೊಂದೇ ಹತ್ತಿರ. ಎಲೆಯಲ್ಲಿ ಸುತ್ತಿ ದಾರ ಕಟ್ಟಿದ ಬೀಡಿಗೆ ಸಾಮಾನ್ಯವಾಗಿ ಫಿಲ್ಟರ್ ಇಲ್ಲದ್ದರಿಂದ ಅದರ ಮೋಟು ಪ್ಲಾಸ್ಟಿಕ್ ಬಿಡುವುದಿಲ್ಲ, ಆದರೆ ನಿಕೋಟಿನ್ ಬಿಡುತ್ತದೆ.