ಹವಳ ಬಂದ ಹಾದಿ: ಚಂದ್ರವಳ್ಳಿಯ ಹಿನ್ನೆಲೆಯಲ್ಲಿ

ಹಳಗನ್ನಡದ ‘ಪವಳ’ವು ಪಕಾರ ಹಕಾರವಾಗಿ ‘ಹವಳ’ವಾಯಿತು. ಪ್ರಾಕೃತದ ‘ಪವಾಲ’, ಸಂಸ್ಕೃತದ ‘ಪ್ರವಾಲ’ ಇದರ ಹಿಂದಿನ ರೂಪಗಳು. ಸಂಸ್ಕೃತದಲ್ಲಿ ಪ್ರವಾಲವೆಂದರೆ ಎಳೆಯ ಚಿಗುರು ಎಂಬ ಅರ್ಥವೂ ಉಂಟು. ಇನ್ನೊಂದು ಹೆಸರಾದ ‘ವಿದ್ರುಮ’ದಲ್ಲಿ ಮರವೇ ಅಡಗಿದೆ. ಕೈಗೆ ಕಲ್ಲಿನಂತೆ ತಾಗುವ ವಸ್ತುವಿಗೆ ಚಿಗುರಿನ ಹೆಸರು ಸಂದಿರುವುದಕ್ಕೆ ಅದರ ಬಣ್ಣದೊಡನೆ ಕವಲೊಡೆದ ಆಕಾರವೂ ಕಾರಣವಾಗಿರಬೇಕು. ನಾಯಿಕೆಯ ತುಟಿಗೆ ಹವಳವನ್ನು ಹೋಲಿಸಿ ಕವಿಗಳು ದಣಿಯಲಿಲ್ಲ. ಶಾಸ್ತ್ರಕಾರರಿಗೂ ಅದು ಒದಗಿ ಬಂದಿದೆ. ಕ್ರಿ.ಶ. 837ರಲ್ಲಿ ಜಿನಸೇನಾಚಾರ್ಯರು ಪೂರ್ಣಗೊಳಿಸಿದ ‘ಜಯಧವಲಾ’ ಟೀಕೆಯಲ್ಲಿ ಪ್ರಾಕೃತ ಸಂಸ್ಕೃತಗಳ ಬೆರಕೆಯನ್ನು ಮಣಿಪ್ರವಾಲ ನ್ಯಾಯವೆಂದು ಕರೆಯಲಾಗಿದೆ. ಎರಡು ನುಡಿಗಳನ್ನು ಒಂದೇ ದಾರದಲ್ಲಿ ಪೋಣಿಸುವ ಈ ರೂಪಕ ಹುಟ್ಟಬೇಕಾದರೆ ಮಣಿಯೊಡನೆ ಹವಳವನ್ನು ಸೇರಿಸಿ ಕಟ್ಟಿದ ಸರಗಳು ಜನರ ಕಣ್ಣಿಗೆ ಚಿರಪರಿಚಿತವಾಗಿರಬೇಕು.

ಆದರೆ ಆಭರಣದ ಕೆಂಪು ಹವಳ ನಮ್ಮ ಕಡಲಿನದಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ ನಿಜ. ಅವು ಬೇರೆ ಜಾತಿಯವು. ಸರಕ್ಕೆ ಏರುವ ಕೆಂಪು ಹವಳದ ಪ್ರಾಚೀನ ತವರು ಮೆಡಿಟರೇನಿಯನ್ ಸಮುದ್ರ. ಅಲ್ಲಿಂದ ಕರ್ನಾಟಕದ ಒಳನಾಡಿನವರೆಗೆ ಅದು ಸಾಗಿಬರಬಹುದಾಗಿದ್ದ ಹಾದಿಯನ್ನು ಅರಿಯಲು ಚಿತ್ರದುರ್ಗದ ಚಂದ್ರವಳ್ಳಿಗಿಂತ ತಕ್ಕ ನೆಲೆ ಸಿಗುವುದು ಕಷ್ಟ.

ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಈ ಕಣಿವೆಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಉತ್ಖನನ ನಡೆಸಿದರು. ಕದಂಬ ಮಯೂರಶರ್ಮನ ಶಾಸನವನ್ನು ಓದಿ ಬೆಳಕಿಗೆ ತಂದವರೂ ಅವರೇ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳು, ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ದಿನಾರಿಗಳು, ಪಶ್ಚಿಮದಿಂದ ದ್ರಾಕ್ಷಾರಸ ತುಂಬಿಕೊಂಡು ಬರುತ್ತಿದ್ದ ಆಂಫೋರಾ ಮಡಕೆಯ ಚೂರು ಚಂದ್ರವಳ್ಳಿಯ ಸಂಪತ್ತು. ಇವುಗಳಲ್ಲಿ ನಾಣ್ಯಕ್ಕೆ ದೊರೆತ ಗೌರವ ಉಳಿದುವಕ್ಕೆ ದೊರೆತಿಲ್ಲ. ರೋಮಿನೊಡನೆ ನಡೆದ ವ್ಯಾಪಾರವೆಂದರೆ ನಮ್ಮ ಪಠ್ಯಗಳು ಮೆಣಸು ಹೋಯಿತು, ಬೆಳ್ಳಿ ಬಂಗಾರ ಬಂತು ಎಂದು ಮುಗಿಸಿಬಿಡುತ್ತವೆ. ಬಂದದ್ದು ಅಷ್ಟೇ ಅಲ್ಲ.

ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿ ಸಿಂಧೂ ನದಿಯ ಮುಖದ ಬಾರ್ಬರಿಕಾನ್, ಭರುಕಚ್ಛ, ಕೇರಳದ ಮುಜಿರಿಸ್ ಈ ಮೂರೂ ರೇವುಗಳ ಆಮದಿನಲ್ಲಿ ಹವಳವನ್ನು ಹೆಸರಿಸುತ್ತದೆ. ಅದೇ ಶತಮಾನದ ಪ್ಲಿನಿ ಹೇಳುವ ಮಾತು ಇನ್ನೂ ಸ್ವಾರಸ್ಯಕರ: ರೋಮಿನವರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತೀಯರಿಗೆ ಹವಳ ಅಷ್ಟು ಪ್ರಿಯ, ಅದನ್ನು ಧರಿಸಿದರೆ ಅಪಾಯ ತಟ್ಟದೆಂಬ ನಂಬಿಕೆ ಅಲ್ಲಿನ ದೈವಜ್ಞರದು, ಅಲ್ಲಿಗೆ ಸಾಗಿಸಿ ಸಾಗಿಸಿ ಹವಳ ಹುಟ್ಟುವ ನಾಡಿನಲ್ಲೇ ಅದು ಅಪರೂಪವಾಗಿದೆ.

ಪ್ಲಿನಿ ದಾಖಲಿಸಿದ ಇನ್ನೊಂದು ನಂಬಿಕೆ ಹವಳವನ್ನು ಮುಟ್ಟುವ ಬಗೆಗೆ ಸಂಬಂಧಿಸಿದ್ದು. ನೀರಿನೊಳಗೆ ಹವಳ ಮೃದುವಾದ ಪೊದೆ, ಜೀವಂತವಾಗಿರುವಾಗ ಕೈ ಸೋಕಿದೊಡನೆ ಕಲ್ಲಾಗುತ್ತದೆ. ಆದುದರಿಂದ ಕೈಯಿಂದ ಮುಟ್ಟದೆ ಬಲೆಯಿಂದ ಕೀಳಬೇಕು, ಇಲ್ಲವೇ ಹರಿತವಾದ ಕಬ್ಬಿಣದಿಂದ ಕತ್ತರಿಸಬೇಕು ಎಂದು ಜನ ಹೇಳುತ್ತಿದ್ದರಂತೆ. ನಮ್ಮ ಅಹಲ್ಯೆಯ ಕಥೆಯಲ್ಲಿ ಸ್ಪರ್ಶದಿಂದ ಕಲ್ಲು ಜೀವವಾದರೆ ಇಲ್ಲಿ ಜೀವ ಕಲ್ಲಾಗುತ್ತದೆ! ವಾಸ್ತವದಲ್ಲಿ ಹವಳದ ಒಡಲು ನೀರಿನಲ್ಲಿರುವಾಗಲೇ ಗಟ್ಟಿ. ಅದರ ಮೇಲಿನ ಜೀವಂತ ಪೊರೆ ಮಾತ್ರ ಮೆತ್ತಗಿರುತ್ತದೆ. ಮುಟ್ಟಲು ಅಂಜುವ ಈ ನಂಬಿಕೆ ಕಡಲಿನ ಹವಳಕ್ಕೆ ಒಳಿತನ್ನೇನೂ ಮಾಡಲಿಲ್ಲ. ಭಾರ ಕಟ್ಟಿದ ಮರದ ಅಡ್ಡಪಟ್ಟಿಗೆ ಬಲೆಗಳನ್ನು ತೂಗಿಬಿಟ್ಟು ಕಡಲ ತಳದ ಬಂಡೆಗಳ ಮೇಲೆ ಎಳೆಯುವ ಕ್ರಮ ಶತಮಾನಗಳ ಕಾಲ ನಡೆಯಿತು. ಸಿಕ್ಕಿದ್ದಕ್ಕಿಂತ ಮುರಿದು ತಳದಲ್ಲೇ ಉಳಿದದ್ದು ಕಡಿಮೆಯಿರಲಾರದು. ಈ ಹವಳದ ಕಾಂಡ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲವೆಂಬುದನ್ನು ನೆನೆದರೆ ನಷ್ಟದ ಪ್ರಮಾಣ ತಿಳಿದೀತು.

ದಡ ಸೇರಿದ ಮೇಲಿನ ಕಥೆಯಲ್ಲಿ ನಾಜೂಕು ಹೆಚ್ಚು. ಹವಳ ಸುಣ್ಣದ ಅಂಶದಿಂದಾದುದು. ಕಾಠಿಣ್ಯದ ಮಾನದಂಡದಲ್ಲಿ ಅದರ ಸ್ಥಾನ ಮೂರು–ನಾಲ್ಕರ ನಡುವೆ. ದಖ್ಖನಿನ ಪ್ರಾಚೀನ ನೆಲೆಗಳಲ್ಲಿ ಹೇರಳವಾಗಿ ಸಿಗುವ ಅಗೇಟ್, ಕಾರ್ನೀಲಿಯನ್ ಮಣಿಗಳದು ಏಳರ ಹತ್ತಿರ. ಎರಡನ್ನೂ ಒಂದೇ ಚೀಲಕ್ಕೆ ಸುರಿದು ಎತ್ತಿನ ಮೇಲೆ ಹೇರಿದರೆ ಘಟ್ಟ ಹತ್ತುವುದರೊಳಗೆ ಹವಳದ ಹೊಳಪು ಹೋಗಿರುತ್ತದೆ. ಕೊಳ್ಳುವವನ ಕಣ್ಣೂ ಸಾಮಾನ್ಯವಾದುದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕೋಶಕ್ಕೆ ಸೇರಬೇಕಾದ ವಸ್ತುಗಳ ಪರೀಕ್ಷೆಯ ಭಾಗವಿದೆ. ಅಲ್ಲಿ ಹವಳದ ಒಂದು ಬಗೆ ‘ಆಲಕಂದಕ’. ಇದು ಅಲೆಕ್ಸಾಂಡ್ರಿಯಾದಿಂದ ಬಂದುದೆಂದು ಹಲವು ವಿದ್ವಾಂಸರ ಮತ. ಅಚ್ಚ ಕೆಂಪು ಮತ್ತು ಕಮಲವರ್ಣದವು ಗ್ರಾಹ್ಯ. ಹುಳು ಕೊರೆದವು, ನಡುವೆ ಉಬ್ಬಿದವು ತ್ಯಾಜ್ಯ. ‘ಗರ್ಭಿಣಿಕಾ’ ಎಂಬುದು ಆ ಉಬ್ಬಿದ ಹವಳಕ್ಕೆ ಇಟ್ಟ ಹೆಸರು.

ಶಾಸನಗಳ ಕಾಲಕ್ಕೆ ಬಂದರೆ ಹನ್ನೊಂದನೆಯ ಶತಮಾನದ ಶಿಕಾರಿಪುರದ ಶಾಸನವೊಂದು ಅಯ್ಯಾವೊಳೆಯ ಐನೂರ್ವರ ಸರಕುಗಳನ್ನು ಎಣಿಸುವಾಗ ನೀಲ, ಮುತ್ತು, ಮಾಣಿಕ್ಯ, ವಜ್ರಗಳ ಸಾಲಿನಲ್ಲಿ ಹವಳವನ್ನೂ ಸೇರಿಸುತ್ತದೆ. ಜಲಮಾರ್ಗ ಸ್ಥಲಮಾರ್ಗಗಳೆರಡರಲ್ಲಿಯೂ ಸಂಚರಿಸುವ ಈ ವರ್ತಕರು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಿದ್ದರು. ಬಂದರನ್ನೇ ಕಾಣದ ಹಳ್ಳಿಯ ಹೆಣ್ಣುಮಗಳ ಕೊರಳಿಗೆ ಹವಳ ತಲುಪಿದ್ದು ಆ ಹೆಗಲಿನ ಮೇಲಿಂದ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬಾರ್ಬೋಸಾ ಭಟ್ಕಳಕ್ಕೆ ಬರುವ ಸರಕುಗಳಲ್ಲಿ ಹವಳವನ್ನು ಕಂಡಿದ್ದಾನೆ. ಮುಂದೆ ಇಟಲಿಯ ಲಿವೊರ್ನೊ ನಗರದ ಯಹೂದಿ ವರ್ತಕರು ಗೋವೆಯ ವ್ಯಾಪಾರಿಗಳಿಗೆ ಹವಳ ಕಳುಹಿಸಿ ವಜ್ರ ತರಿಸಿಕೊಳ್ಳುತ್ತಿದ್ದರು. ಸಾವಿರಾರು ಮೈಲಿಗಳ ಈ ವಿನಿಮಯ ನಡೆದದ್ದು ಬಹುಮಟ್ಟಿಗೆ ಕಾಗದಪತ್ರಗಳ ನಂಬಿಕೆಯ ಮೇಲೆ.

ಈ ನಡುವೆ ಹವಳ ಕಲ್ಲೋ, ಗಿಡವೋ ಎಂಬ ಚರ್ಚೆ ಯುರೋಪಿನಲ್ಲಿ ಬಹುಕಾಲ ನಡೆಯಿತು. ಅದು ಪ್ರಾಣಿಯೆಂದು 1720ರ ದಶಕದಲ್ಲಿ ಪೇಸೊನೆಲ್ ಹೇಳಿದಾಗ ಪ್ಯಾರಿಸಿನ ವಿದ್ವಾಂಸರು ಒಪ್ಪಲಿಲ್ಲ. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಪೃಥ್ವೀಕಾಯದ 36 ಭೇದಗಳಲ್ಲಿ ಹವಳವನ್ನು ಎಣಿಸುತ್ತದೆ, ‘ಉತ್ತರಾಧ್ಯಯನ ಸೂತ್ರ’ದ ಪಟ್ಟಿಯಲ್ಲಿಯೂ ಅದಿದೆ. ಇದನ್ನು ಆಧುನಿಕ ಪ್ರಾಣಿಶಾಸ್ತ್ರದ ಪೂರ್ವಸೂಚನೆಯೆಂದು ಹಿಗ್ಗುವುದು ಸರಿಯಲ್ಲ. ಆ ಪಟ್ಟಿಯಲ್ಲಿ ಕಬ್ಬಿಣ, ತಾಮ್ರ, ಉಪ್ಪುಗಳೂ ಇವೆ. ಆದರೆ ಕಲ್ಲೆಂದು ಕಾಣುವುದನ್ನು ಮುಟ್ಟುವಾಗಲೂ ಜೀವವನ್ನು ಮುಟ್ಟುತ್ತಿರುವ ಎಚ್ಚರವನ್ನು ಯತಿಯಿಂದ ನಿರೀಕ್ಷಿಸುವ ಶಿಸ್ತು ಅದರ ಹಿಂದಿರುವುದು ಸ್ಪಷ್ಟ.

ಇಂದು ನೇತ್ರಾಣಿಯ ಹವಳದಿಬ್ಬದಿಂದ ತುಣುಕೊಂದನ್ನು ಮುರಿದು ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಚಂದ್ರವಳ್ಳಿಯಂತಹ ನೆಲೆಯಲ್ಲಿ ಮಳೆಗೆ ಮಣ್ಣು ತೊಳೆದು ಮಣಿಯೊಂದು ಮೇಲೆದ್ದರೆ ಅದನ್ನು ಜೇಬಿಗೆ ಹಾಕಿಕೊಳ್ಳುವಂತೆಯೂ ಇಲ್ಲ. ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ವಿಧಿಸುತ್ತದೆ. ಕಾಯ್ದೆಗಿಂತಲೂ ಮುಖ್ಯವಾದುದು ಮಣ್ಣಿನ ಸ್ತರ. ಯಾವ ಪದರದಲ್ಲಿ, ಯಾವ ನಾಣ್ಯದ ಜೊತೆ, ಯಾವ ಮಡಕೆಚೂರಿನ ಪಕ್ಕ ಇತ್ತೆಂಬುದು ಕಳೆದುಹೋದ ಮಣಿ ಬರಿಯ ಮಣಿ. ಅದರಿಂದ ಇತಿಹಾಸ ಬರೆಯಲಾಗದು.

ಮನೆಗಳಲ್ಲಿ ಉಳಿದಿರುವ ಹಳೆಯ ಹವಳದ ಸರಗಳ ಗತಿ ಬೇರೆ. ಕರಿಮಣಿಯ ನಡುವೆ ಹವಳ ಪೋಣಿಸುವ ರೂಢಿ ಕನ್ನಡನಾಡಿನಲ್ಲಿ ವ್ಯಾಪಕ. ಚಿನ್ನ ತೊಳೆಯುವ ಉಮೇದಿನಲ್ಲಿ ಸರವನ್ನು ಹುಣಿಸೆಹಣ್ಣಿನ ನೀರಿಗೋ ನಿಂಬೆರಸಕ್ಕೋ ಹಾಕಿದರೆ ಹುಳಿಯು ಸುಣ್ಣದಂಶವನ್ನು ತಿಂದು ಹವಳ ಮಂಕಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೇರೆಯಾಗಿ ಹತ್ತಿಯಲ್ಲಿ ಸುತ್ತಿಟ್ಟರೆ ಸಾಕು. ರೇಷ್ಮೆದಾರ ಸವೆದಾಗ ಪಟವೇಗಾರರ ಕೈಗೆ ಕೊಟ್ಟು ಮತ್ತೆ ಪೋಣಿಸಿಕೊಳ್ಳುವುದು ಹಿಂದಿನವರ ಪದ್ಧತಿಯಾಗಿತ್ತು.